ತುದಿ ಬಾಗುವ ಡಿಜಿಟಲ್ ಥರ್ಮಾಮೀಟರ್: ದದ್ದು ಜ್ವರದಲ್ಲಿ ಎಷ್ಟು ಉಪಯೋಗ?

ಮೆಡಿಕಲ್ ಸ್ಟೋರಿನಲ್ಲಿ ಇನ್ನೂರು ರೂಪಾಯಿ ಆಸುಪಾಸಿಗೆ ಸಿಗುವ ಈ ಕಡ್ಡಿ, ಚಿಕ್ಕ ಮಕ್ಕಳಿರುವ ಮನೆಗೆ ಕೊಟ್ಟ ದುಡ್ಡಿಗೆ ಮೋಸವಿಲ್ಲದ ವಸ್ತು. ಹಣೆಗೆ ಹಿಡಿಯುವ ಗನ್‌ಗಿಂತ ಇದೇ ವಾಸಿ. ಹಣೆ ಬೆವರಿದ್ದರೆ ಗನ್ ಕಮ್ಮಿ ತೋರಿಸಿಬಿಡುತ್ತದೆ.

ತಪ್ಪಾಗುವುದೆಲ್ಲ ಕಂಕುಳಲ್ಲಿ. ಬೆವರು ಒರೆಸಿ, ತುದಿಯನ್ನು ಕಂಕುಳ ನಡುವಿಗೆ ಇಟ್ಟು, ಬೀಪ್ ಬರುವ ತನಕ ತೋಳನ್ನು ಪಕ್ಕೆಗೆ ಒತ್ತಿ ಹಿಡಿಯಬೇಕು. ಅಂಗಿಯ ಅಂಚು ನಡುವೆ ಸಿಕ್ಕಿಕೊಂಡರೆ ಅಂಕಿ ಸುಳ್ಳು. ಸ್ನಾನವಾಗಿದ್ದರೆ ಅರ್ಧ ಗಂಟೆ ತಡೆಯಿರಿ. 99.5 ಮುಟ್ಟಿದರೆ ಜ್ವರ. 2 ತಿಂಗಳೊಳಗಿನ ಕೂಸಿಗೆ ಅಷ್ಟು ಬಂದರೆ ಕಾಯುವ ಮಾತಿಲ್ಲ, ಆಸ್ಪತ್ರೆಗೇ.

ದಿನ, ಹೊತ್ತು, ಅಂಕಿ, ಪ್ಯಾರಾಸಿಟಮಾಲ್ ಕೊಟ್ಟ ಸಮಯ, ಇಷ್ಟನ್ನು ಕ್ಯಾಲೆಂಡರಿನ ಅಂಚಿನಲ್ಲಿ ಗೀಚಿಟ್ಟರೆ ದದ್ದು ಎದ್ದಾಗ ಡಾಕ್ಟರಿಗೆ ಅರ್ಧ ಕೆಲಸ ಮುಗಿದಂತೆ. ದಡಾರದಲ್ಲಿ ಕೆಮ್ಮು, ನೆಗಡಿ, ಕೆಂಗಣ್ಣಿನೊಂದಿಗೆ ಮೂರ್ನಾಲ್ಕು ದಿನ ಜ್ವರ ಕಾಯುತ್ತದೆ. ಕಿವಿ ಹಿಂದೆ, ಕೂದಲಂಚಿನಲ್ಲಿ ದದ್ದು ಶುರುವಾದಾಗ ಅಂಕಿ ಇನ್ನೂ ಏರುತ್ತದೆ. ಪುಟ್ಟ ಮಕ್ಕಳಿಗೆ ಬರುವ ವೈರಸ್ ಜ್ವರ ರೋಸಿಯೋಲಾ ತದ್ವಿರುದ್ಧ: 3–5 ದಿನ 103ರ ಸುತ್ತ ಸುಟ್ಟು, ಜ್ವರ ಬಿಟ್ಟ ಮೇಲೆ ಎದೆ ಬೆನ್ನಿಗೆ ತಿಳಿಗೆಂಪು ದದ್ದು. ಅಷ್ಟರಲ್ಲಿ ಮಗು ಆಟಕ್ಕಿಳಿದಿರುತ್ತದೆ. ಮನೆಯವರು ಮಾತ್ರ ಸಿರಪ್ ಒಗ್ಗಲಿಲ್ಲವೆಂದು ಬೈಯುತ್ತಿರುತ್ತಾರೆ. ‘ಅಮ್ಮ’ ಬಂದಾಗ, ಅಂದರೆ ಚಿಕನ್‌ಪಾಕ್ಸ್‌ನಲ್ಲಿ, ಜ್ವರಕ್ಕಿಂತ ಗುಳ್ಳೆಯೇ ಗುರುತು: ಕೆಂಪು ಚುಕ್ಕಿ, ನೀರ್ಗುಳ್ಳೆ, ಹಕ್ಕಳೆ ಮೂರೂ ಒಟ್ಟಿಗೆ ಕಾಣುತ್ತವೆ. ಕೈ-ಕಾಲು-ಬಾಯಿ ರೋಗದಲ್ಲೂ ಥರ್ಮಾಮೀಟರಿಗೆ ಹೆಚ್ಚು ಕೆಲಸವಿಲ್ಲ. ಟಾರ್ಚ್ ಹಿಡಿದು ಬಾಯಿಹುಣ್ಣು ನೋಡಿ, ಅಂಗೈ ಅಂಗಾಲು ತಿರುವಿ ನೋಡಿ.

ಈ ಕಡ್ಡಿ ದಾರಿ ತಪ್ಪಿಸುವುದು ಡೆಂಗಿಯಲ್ಲಿ. 98.4 ಕಂಡು ಮನೆಯವರು ನಿಟ್ಟುಸಿರು ಬಿಡುವ ಹೊತ್ತಿಗೇ ಅಪಾಯದ ಗಳಿಗೆ ಶುರುವಾಗಿರಬಹುದು. ಜ್ವರ ಇಳಿದ ಮೇಲೆ ಹೊಟ್ಟೆನೋವು, ನಿಲ್ಲದ ವಾಂತಿ, ಮಂಕು, ತಣ್ಣನೆಯ ಕೈಕಾಲು ಕಂಡರೆ ತಕ್ಷಣ ಹೊರಡಿ. ಯಾವ ಜ್ವರದಲ್ಲೇ ಆಗಲಿ, ಚರ್ಮದ ಮೇಲೆ ಗಾಜಿನ ಲೋಟ ಒತ್ತಿದರೂ ಮಾಸದ ಕಲೆಗಳಿದ್ದರೆ ಆಸ್ಪತ್ರೆಗೆ ಹೊರಡಿ, ಅಂಕಿ ಎಷ್ಟೆಂದು ನೋಡುತ್ತಾ ಕೂರಬೇಡಿ.

ಕೊಳ್ಳುವಾಗ ಬ್ಯಾಟರಿ ಮುಚ್ಚಳಕ್ಕೆ ಸ್ಕ್ರೂ ಇದೆಯೇ ನೋಡಿ. ಉಗುರಿಗೇ ಬಿಚ್ಚಿಕೊಳ್ಳುವ ಮುಚ್ಚಳವಾದರೆ ಎಟುಕದ ಕಡೆ ಇಡಿ. ಒಳಗಿನ ಬಟನ್ ಸೆಲ್ ಮಗುವಿನ ಅನ್ನನಾಳದಲ್ಲಿ ಸಿಕ್ಕಿದರೆ 2 ಗಂಟೆಯೊಳಗೇ ಸುಡಬಲ್ಲದು.