ಮರದ ನೆರಳೋ, ಕೋಣೆಯ ಮೇಜೋ?

ಮೊದಲ ಕರಡು ಬರೆಯುವುದಿದ್ದರೆ ನನ್ನ ಮತ ಮರದ ನೆರಳಿಗೆ, ತಿದ್ದುವುದಿದ್ದರೆ ಕೋಣೆಗೆ.

ಹೊರಗೆ ಬರೆಯುವವರಿಗೆ ಮೊದಲ ತೊಡಕು ಬೆಳಕು. ಬೆಳಕನ್ನು ಅಳೆಯುವ ಮಾನ ಲಕ್ಸ್; ನಡುಹಗಲಿನ ನೇರ ಬಿಸಿಲು ಸುಮಾರು 1,00,000 ಲಕ್ಸ್. ಓದುವ ಕೋಣೆಯ ದೀಪ 300ರಿಂದ 500 ಲಕ್ಸ್ ಅಷ್ಟೇ. ಬಿಸಿಲಲ್ಲಿ ಲ್ಯಾಪ್‌ಟಾಪ್ ತೆರೆದರೆ ಅಕ್ಷರಕ್ಕಿಂತ ನಿಮ್ಮ ಮುಖವೇ ಚೆನ್ನಾಗಿ ಕಾಣುತ್ತದೆ. ಬಿಳಿ ಹಾಳೆಯೂ ಕಣ್ಣು ಕುಕ್ಕುತ್ತದೆ. ಹಾಗಾಗಿ ನೆರಳು ಬೇಕು, ಗಟ್ಟಿ ರಟ್ಟಿನ ನೋಟ್‌ಬುಕ್ ಬೇಕು, ಗಾಳಿಗೆ ಹಾಳೆ ಮಗುಚದಂತೆ ಒಂದು ಕ್ಲಿಪ್ಪೂ ಬೇಕು. ಪೆನ್ನಿಗಿಂತ ಪೆನ್ಸಿಲ್ ವಾಸಿ: ನಾಲ್ಕು ಹನಿ ಬಿದ್ದರೆ ಜೆಲ್ ಪೆನ್ನಿನ ಶಾಯಿ ಹರಡುವುದುಂಟು, ಪೆನ್ಸಿಲ್ ಬರಹ ಉಳಿಯುತ್ತದೆ. ಎರಡು ಪುಟ ಕಳೆದುಕೊಂಡ ಮೇಲೆ ನನಗೆ ಬಂದ ಬುದ್ಧಿ ಇದು.

ಕೋಣೆಯಲ್ಲಿ ನಿಘಂಟು, ಹಳೆಯ ಕರಡುಗಳು, ಬೆನ್ನಿಗೆ ಆಸರೆ ಎಲ್ಲವೂ ಇವೆ. ಇಂಟರ್ನೆಟ್ ಕೂಡ ಇದೆ, ತೊಂದರೆಯೇ ಅದು.

ತೃಪ್ತಿಯ ಲೆಕ್ಕ ಬೇರೆ. ಮೇಜಿನ ಮುಂದೆ ಕುಳಿತಾಗ ಪರದೆಯ ಮೂಲೆಯಲ್ಲಿ ಪದಸಂಖ್ಯೆ ಏರುವುದನ್ನೇ ನೋಡುತ್ತಿರುತ್ತೇನೆ. ಹೊರಗೆ ಆ ಎಣಿಕೆಯಿಲ್ಲ. ಅಳಿಲು ಕೊಂಬೆಯಿಂದ ಇಳಿದ ಬಗೆಗೆ ತಕ್ಕ ಕ್ರಿಯಾಪದವೊಂದು ಸಿಕ್ಕರೆ ಬೆಳಗು ಸಾರ್ಥಕ. ಗಡುವು ನಾಳೆಗಿದ್ದರೆ ಮಾತ್ರ ಅಳಿಲನ್ನು ನಂಬಿ ಕೂರಬೇಡಿ.