ಒಂದು ಗೋಲ್ ಕಡಿಮೆ ಹೊಡೆದೂ ಕಪ್ ಗೆದ್ದರು: 2023ರ ಎಎಫ್‌ಎಲ್ ಸೀಸನ್ ವಿಮರ್ಶೆ

ಎಎಫ್‌ಎಲ್ ಎಂದರೆ ಆಸ್ಟ್ರೇಲಿಯನ್ ಫುಟ್‌ಬಾಲ್ ಲೀಗ್, ಆಸ್ಟ್ರೇಲಿಯಾದವರು ತಮ್ಮದೇ ನಿಯಮದಲ್ಲಿ ಆಡುವ ಫುಟ್‌ಬಾಲ್. ಮೊದಲು ಅದರ ಗ್ರ್ಯಾಂಡ್ ಫೈನಲ್ ಸ್ಕೋರ್ ನೋಡಿ. ಕಾಲಿಂಗ್‌ವುಡ್ 12.18 (90), ಬ್ರಿಸ್ಬೇನ್ ಲಯನ್ಸ್ 13.8 (86). ತಾರೀಖು 2023ರ ಸೆಪ್ಟೆಂಬರ್ 30, ಜಾಗ ಮೆಲ್ಬರ್ನ್‌ನ ಎಂಸಿಜಿ, ನೋಡಲು ಬಂದವರು 1,00,024 ಜನ.

ಚುಕ್ಕೆಯ ಎಡಗಡೆ ಇರುವುದು ಗೋಲ್, ಒಂದಕ್ಕೆ 6 ಪಾಯಿಂಟ್. ಬಲಗಡೆ ಇರುವುದು ಬಿಹೈಂಡ್, ಒಂದಕ್ಕೆ 1 ಪಾಯಿಂಟ್. ಕಂಸದಲ್ಲಿರುವುದು ಒಟ್ಟು ಮೊತ್ತ. ಬ್ರಿಸ್ಬೇನ್ ಒಂದು ಗೋಲ್ ಹೆಚ್ಚಿಗೆ ಹೊಡೆಯಿತು, ಆದರೂ 4 ಪಾಯಿಂಟ್‌ನಿಂದ ಸೋತಿತು. ಈ ಸೀಸನ್‌ನ ಜೀವಾಳ ಇರುವುದು ಆ ಬಲಗಡೆಯ ಅಂಕಿಯಲ್ಲೇ. ಹೊಸದಾಗಿ ನೋಡುವವರು ಗೋಲ್ ಎಣಿಸುತ್ತಾ ಕೂರುತ್ತಾರೆ. 2023ರಲ್ಲಿ ಬಿಹೈಂಡ್ ಎಣಿಸದಿದ್ದರೆ ಯಾರು ಏಕೆ ಗೆದ್ದರು ಎನ್ನುವುದೇ ತಿಳಿಯುವುದಿಲ್ಲ.

ಎಂಸಿಜಿ, ಗ್ಯಾಬಾ, ಅಡಿಲೇಡ್ ಓವಲ್ ನಮ್ಮ ಕ್ರಿಕೆಟ್ ಪ್ರೇಕ್ಷಕರಿಗೆ ಚಿರಪರಿಚಿತ. 2021ರ ಜನವರಿಯಲ್ಲಿ ಭಾರತ ಟೆಸ್ಟ್ ಗೆದ್ದದ್ದು ಆ ಗ್ಯಾಬಾದಲ್ಲೇ, 2022ರ ಅಕ್ಟೋಬರ್‌ನಲ್ಲಿ ಕೊಹ್ಲಿ ಪಾಕಿಸ್ತಾನದ ಮೇಲೆ ಔಟಾಗದೆ 82 ಹೊಡೆದದ್ದು ಆ ಎಂಸಿಜಿಯಲ್ಲೇ. ಎಂಸಿಜಿಯಲ್ಲಿ ಪಿಚ್ಚನ್ನು ಬೇರೆ ಕಡೆ ಬೆಳೆಸಿ ತಂದು ಕೂರಿಸುವುದಕ್ಕೆ ಫುಟ್‌ಬಾಲೂ ಒಂದು ಮುಖ್ಯ ಕಾರಣ. ಮಾರ್ಚ್‌ನಿಂದ ಸೆಪ್ಟೆಂಬರ್‌ವರೆಗೆ ಆ ಹುಲ್ಲು 36 ಆಟಗಾರರ ಕಾಲಡಿಯಲ್ಲಿರುತ್ತದೆ. ತಂಡಕ್ಕೆ 18 ಜನ. 2023ರಲ್ಲಿ ಆಗಾಗ ಬದಲಿಸಲು ಬೆಂಚಿನಲ್ಲಿ 4 ಜನ, ಮೇಲೊಬ್ಬ ಸಬ್ (ಒಬ್ಬನ ಜಾಗಕ್ಕೆ ಕಾಯಂ ಆಗಿ ಇಳಿಯುವವನು) ಇರುತ್ತಿದ್ದರು. ಇಡೀ ಪಂದ್ಯದಲ್ಲಿ ಒಂದು ತಂಡ 75 ಸಲ ಮಾತ್ರ ಆಟಗಾರರನ್ನು ಬದಲಿಸಬಹುದಿತ್ತು. ಗಾಯವಾಗದಿದ್ದರೂ ಸಬ್ ಆಟಗಾರನನ್ನು ಇಳಿಸಬಹುದು ಎನ್ನುವ ಸಡಿಲಿಕೆ ಬಂದದ್ದು 2023ರಲ್ಲೇ. ಮೈದಾನದ ಅಂಪೈರ್‌ಗಳ ಸಂಖ್ಯೆ ಮೂರರಿಂದ ನಾಲ್ಕಕ್ಕೇರಿದ್ದೂ ಅದೇ ವರ್ಷ. ಚೆಂಡಿನ ಹತ್ತಿರ ಸದಾ ಒಬ್ಬರು ಇರುವಂತಾಯಿತು. ಒಳ್ಳೆಯ ತೀರ್ಮಾನವೇ ಅದು.

ಈಗ ಕಂಬಗಳ ಲೆಕ್ಕ. ಒಂದೊಂದು ತುದಿಯಲ್ಲಿ ನಾಲ್ಕು ಕಂಬ. ನಡುವಿನ ಎರಡು ಎತ್ತರದ ಕಂಬಗಳ ಅಂತರ 6.4 ಮೀಟರ್, ಅದರೊಳಗೆ ಹೋದರೆ ಗೋಲ್. ಅವುಗಳ ಆಚೀಚೆ ಮತ್ತೆ 6.4 ಮೀಟರ್‌ಗೆ ಒಂದೊಂದು ಗಿಡ್ಡ ಕಂಬ, ಆ ಸಂದಿಯಲ್ಲಿ ಹೋದರೆ ಬಿಹೈಂಡ್. ಗೋಲ್ ಆಗಬೇಕಾದರೆ ಚೆಂಡನ್ನು ಕಾಲಿನಿಂದಲೇ ಒದ್ದಿರಬೇಕು, ಆಮೇಲೆ ಬೇರೆ ಯಾರ ಕೈಯೂ ತಾಗಿರಬಾರದು, ಕಂಬಕ್ಕೂ ಸವರಿರಬಾರದು. ಬೆರಳ ತುದಿ ತಾಗಿದರೂ 6 ಹೋಗಿ 1 ಆಗುತ್ತದೆ. ಗೋಲ್ ಅಂಪೈರ್ ಎರಡೂ ಕೈಯ ತೋರುಬೆರಳು ಮುಂದೆ ಚಾಚಿದರೆ ಗೋಲ್, ಒಂದೇ ಬೆರಳಾದರೆ ಬಿಹೈಂಡ್. ಆಮೇಲೆ ಬೀಸುವ ಬಾವುಟಗಳ ಲೆಕ್ಕವೂ ಹಾಗೆಯೇ.

ಮಾರ್ಕ್ ಹಿಡಿದವನಿಗೆ, ಅಂದರೆ ಕನಿಷ್ಠ 15 ಮೀಟರ್ ಗಾಳಿಯಲ್ಲಿ ಬಂದ ಒದೆತವನ್ನು ನೇರ ಹಿಡಿದವನಿಗೆ, ಯಾರ ಅಡ್ಡಿಯೂ ಇಲ್ಲದೆ ಒದೆಯುವ ಹಕ್ಕು ಸಿಗುತ್ತದೆ. ಗೋಲಿಗೆ ಗುರಿಯಿಡುವುದಾದರೆ 30 ಸೆಕೆಂಡ್ ಸಮಯ. ಅವನು ಹಿಂದಕ್ಕೆ ನಡೆದು, ಉಸಿರು ಹದಕ್ಕೆ ತಂದುಕೊಂಡು, ಚೆಂಡನ್ನು ಎರಡೂ ಕೈಯಲ್ಲಿ ನೇರ ನಿಲ್ಲಿಸಿ ಹಿಡಿದು ಓಡಿ ಬರುತ್ತಾನೆ. ಒದೆಯುವ ಕಾಲಿನ ಕಡೆಯ ಕೈಯಿಂದ ಚೆಂಡನ್ನು ಪಾದದ ಮೇಲೆ ಬಿಡುತ್ತಾನೆ. ಒದ್ದ ಚೆಂಡು ಹಿಮ್ಮುಖವಾಗಿ ಉರುಳುತ್ತಾ ನೇರ ಹೋಗಬೇಕು. ಇದಕ್ಕೆ ಡ್ರಾಪ್ ಪಂಟ್ ಎನ್ನುತ್ತಾರೆ. ತಪ್ಪಾಗುವುದು ಬಹಳ ಸಲ ಕಾಲಿನಲ್ಲಲ್ಲ, ಚೆಂಡು ಬಿಡುವ ಕೈಯಲ್ಲಿ. ಬೀಳುವಾಗ ಚೆಂಡು ಕೊಂಚ ವಾಲಿದರೂ ಸಾಕು, ಪಾದಕ್ಕೆ ಓರೆಯಾಗಿ ತಾಗಿ ಪಕ್ಕಕ್ಕೆ ಹೊರಳುತ್ತದೆ. ಇನ್ನೊಂದು ಕಾರಣ ಕೋನ. 45 ಡಿಗ್ರಿ ಪಕ್ಕದಿಂದ ನೋಡಿದರೆ ಆ 6.4 ಮೀಟರ್ ಸಂದಿ ಸುಮಾರು 4.5 ಮೀಟರ್‌ಗೆ ಕಿರಿದಾಗುತ್ತದೆ. ಕೊನೆಯ ಕ್ವಾರ್ಟರ್‌ನಲ್ಲಿ ದಣಿದ ಕಾಲಿಗೆ ಅದು ಇನ್ನೂ ಕಿರಿದು.

ಬಿಹೈಂಡ್ ಬರೀ ಸಮಾಧಾನದ ಬಹುಮಾನವಲ್ಲ ಎನ್ನುವುದನ್ನೂ ತಿಳಿದಿರಬೇಕು. ಗೋಲ್ ಆದರೆ ಚೆಂಡು ಮೈದಾನದ ನಡುವಿಗೆ ಹೋಗಿ ಎರಡೂ ತಂಡಕ್ಕೆ ಸಮನಾಗಿ ಸಿಗುತ್ತದೆ. ಬಿಹೈಂಡ್ ಆದರೆ ಚೆಂಡು ಎದುರಾಳಿಯ ಕೈಗೆ, ಅವರು ತಮ್ಮ ಕಂಬಗಳ ಮುಂದಿನಿಂದ ಒದೆಯುತ್ತಾರೆ. ಆ ಒದೆತವನ್ನು ಮುಂದೆ ಹೋಗಲು ಬಿಡದೆ ಅಲ್ಲೇ ಕಟ್ಟಿಹಾಕುವ ತಂಡಕ್ಕೆ ಇನ್ನೊಂದು ಅವಕಾಶ ಸಿಗುತ್ತದೆ, ಆಮೇಲೆ ಮತ್ತೊಂದು. ಫೈನಲ್‌ನಲ್ಲಿ ಕಾಲಿಂಗ್‌ವುಡ್‌ಗೆ ದಕ್ಕಿದ ಸ್ಕೋರಿಂಗ್ ಅವಕಾಶ 30, ಬ್ರಿಸ್ಬೇನ್‌ಗೆ 21. ಗುರಿ ಕೆಟ್ಟಿದ್ದರೂ ಅವಕಾಶದ ರಾಶಿಯೇ ಗೆಲ್ಲಿಸಿತು.

ಆದರೆ ಅದೇ ರಾಶಿ ಮೆಲ್ಬರ್ನ್ ತಂಡವನ್ನು ಉಳಿಸಲಿಲ್ಲ. ಕ್ವಾಲಿಫೈಯಿಂಗ್ ಫೈನಲ್‌ನಲ್ಲಿ (ಲೀಗ್ ಸುತ್ತು ಮುಗಿದ ಮೇಲಿನ ಫೈನಲ್ಸ್‌ನ ಪಂದ್ಯ, ಇಲ್ಲಿ ಸೋತರೂ ಇನ್ನೊಂದು ಅವಕಾಶ ಇರುತ್ತದೆ) ಅವರು 7.11 (53), ಕಾಲಿಂಗ್‌ವುಡ್ 9.6 (60). ಮುಂದಿನ ವಾರ ಸೆಮಿಫೈನಲ್‌ನಲ್ಲಿ 9.17 (71), ಎದುರಿದ್ದ ಕಾರ್ಲ್ಟನ್ 11.7 (73). ಎರಡೂ ಸೇರಿಸಿ ನೋಡಿದರೆ ಮೆಲ್ಬರ್ನ್‌ನ ಅವಕಾಶ 44, ಎದುರಾಳಿಗಳದು 33. ಎರಡೂ ಪಂದ್ಯ ಸೋಲು, ಒಟ್ಟು ಅಂತರ 9 ಪಾಯಿಂಟ್. ಲ್ಯಾಡರ್‌ನಲ್ಲಿ, ಅಂದರೆ ಲೀಗ್ ಅಂಕಪಟ್ಟಿಯಲ್ಲಿ, ನಾಲ್ಕನೆಯದಾಗಿ ಬಂದಿದ್ದ, 16 ಪಂದ್ಯ ಗೆದ್ದಿದ್ದ ತಂಡ ಹೀಗೆ ಮನೆಗೆ ಹೋಯಿತು. ಗುರಿಯ ಅಭ್ಯಾಸ ಏಕೆ ಬೇಕು ಎಂದು ಯಾವ ಕೋಚ್‌ ಆದರೂ ಹುಡುಗರಿಗೆ ತೋರಿಸಬೇಕಾದ ಪಂದ್ಯ ಆ ಸೆಮಿಫೈನಲ್. ಕೊನೆಯ ನಿಮಿಷದಲ್ಲಿ ಬ್ಲೇಕ್ ಏಕರ್ಸ್ ಹೊಡೆದ ಗೋಲ್ ಕಾರ್ಲ್ಟನ್‌ಗೆ ಪಂದ್ಯ ತಂದಿತು.

ಇನ್ನು ಕಾಲಿಂಗ್‌ವುಡ್ ಮತ್ತು ಜಿಡಬ್ಲ್ಯುಎಸ್ (ಗ್ರೇಟರ್ ವೆಸ್ಟರ್ನ್ ಸಿಡ್ನಿ) ನಡುವಿನ ಪ್ರಿಲಿಮಿನರಿ ಫೈನಲ್: 8.10 (58), 8.9 (57). ಗೋಲ್ ಸಮ, ಒಂದೇ ಒಂದು ಬಿಹೈಂಡ್ ಫೈನಲ್‌ಗೆ ಯಾರು ಹೋಗಬೇಕೆಂದು ಹೇಳಿತು. ಕ್ರೇಗ್ ಮೆಕ್‌ರೇ ಕೋಚ್ ಆಗಿದ್ದ ಕಾಲಿಂಗ್‌ವುಡ್ ಆ ಮೂರು ಫೈನಲ್ಸ್ ಗೆದ್ದ ಅಂತರ 7, 1, 4. ಒಟ್ಟು 12, ಎರಡು ಗೋಲಿನ ಬೆಲೆ. ಅದಕ್ಕೆ ಸಿಕ್ಕಿದ್ದು ಕ್ಲಬ್‌ನ 16ನೇ ಪ್ರೀಮಿಯರ್‌ಶಿಪ್ (ಚಾಂಪಿಯನ್ ಪಟ್ಟ), ಕಾರ್ಲ್ಟನ್ ಮತ್ತು ಎಸೆಂಡನ್‌ಗೆ ಸರಿಸಮ.

ಇಷ್ಟು ಬಿಗಿಯಾದ ಆಟದಲ್ಲಿ 6 ಮತ್ತು 1ರ ತೀರ್ಪು ತಪ್ಪಿದರೆ ಏನಾಗುತ್ತದೆ? ಅದೂ ಆಯಿತು, ಈ ಸೀಸನ್‌ನ ಅತಿ ದೊಡ್ಡ ಕಪ್ಪುಚುಕ್ಕೆ ಅದೇ. ಆಗಸ್ಟ್ 19ರಂದು ಅಡಿಲೇಡ್ ಓವಲ್‌ನಲ್ಲಿ ಸಿಡ್ನಿ ವಿರುದ್ಧ ಅಡಿಲೇಡ್‌ನ ಬೆನ್ ಕೀಸ್ ಪಂದ್ಯದ ಕೊನೆಯ ಘಟ್ಟದಲ್ಲಿ ಒದ್ದ ಚೆಂಡು ಕಂಬಕ್ಕೆ ತಾಗದೆ ಒಳಹೋಗಿತ್ತು. ಗೋಲ್ ಅಂಪೈರ್ ಕಂಬಕ್ಕೆ ತಾಗಿತೆಂದು ಬಿಹೈಂಡ್ ಕೊಟ್ಟರು. ಅವರಿಗೆ ಅನುಮಾನವೇ ಇರಲಿಲ್ಲ, ಆದ್ದರಿಂದ ವಿಡಿಯೊ ಪರಿಶೀಲನೆಗೂ ಹೋಗಲಿಲ್ಲ. ಸಿಡ್ನಿ 1 ಪಾಯಿಂಟ್‌ನಿಂದ ಗೆದ್ದಿತು. ತಪ್ಪಾಗಿದೆ ಎಂದು ಲೀಗ್ ಮರುದಿನ ಒಪ್ಪಿಕೊಂಡರೂ ಫಲಿತಾಂಶ ಬದಲಾಗಲಿಲ್ಲ. ಸಿಡ್ನಿ 8ನೇ ಸ್ಥಾನ ಹಿಡಿದು ಫೈನಲ್ಸ್‌ಗೆ ಹೋಯಿತು, ಅಡಿಲೇಡ್ 10ನೇ ಸ್ಥಾನದಲ್ಲಿ ಉಳಿಯಿತು. ಪರಿಶೀಲನೆಯ ವ್ಯವಸ್ಥೆ ಕೈಯಲ್ಲೇ ಇತ್ತು, ಅದನ್ನು ಕೇಳುವ ಅಧಿಕಾರ ತಪ್ಪು ಮಾಡಿದವರ ಅನುಮಾನವನ್ನೇ ಕಾಯುತ್ತಿತ್ತು. ದೋಷ ಇರುವುದು ಅಲ್ಲಿ. ಒಬ್ಬ ಅಂಪೈರ್ ಮೇಲೆ ಹೊರಿಸುವುದು ಅನ್ಯಾಯ.

ಎರಡನೆಯ ತಕರಾರು ವೇಳಾಪಟ್ಟಿಯದು. 18 ತಂಡ, ಒಂದೊಂದಕ್ಕೆ 17 ಎದುರಾಳಿ, ಆದರೆ ಆಡಿದ್ದು 23 ಪಂದ್ಯ. ಅಂದರೆ ಆರು ಎದುರಾಳಿಗಳನ್ನು ಎರಡು ಸಲ, ಉಳಿದವರನ್ನು ಒಂದೇ ಸಲ. ಆ ಆರು ಜನ ಯಾರು ಎನ್ನುವುದರ ಮೇಲೆ ಒಂದೆರಡು ಗೆಲುವು ಹೆಚ್ಚುಕಮ್ಮಿ ಆಗುತ್ತದೆ. ಹಿಂದಿನ ವರ್ಷದ ಸ್ಥಾನ ನೋಡಿ ಮೇಲಿನ ಆರು, ನಡುವಿನ ಆರು, ಕೆಳಗಿನ ಆರು ಎಂದು ಗುಂಪು ಮಾಡಿ ತೂಗಿಸಲು ನೋಡುತ್ತಾರೆ, ಆದರೆ ಒಂದು ವರ್ಷದಲ್ಲಿ ತಂಡಗಳು ಬದಲಾಗಿಬಿಡುತ್ತವೆ. ಕಾರ್ಲ್ಟನ್‌ನ್ನೇ ನೋಡಿ: ಸೀಸನ್ ಅರ್ಧ ಕಳೆದಾಗ 15ನೇ ಸ್ಥಾನದಲ್ಲಿದ್ದವರು ಸತತ 9 ಗೆದ್ದು 5ನೆಯವರಾದರು. ಜೂನ್‌ಗಿಂತ ಮೊದಲು ಅವರನ್ನು ಎದುರಿಸಿದ ತಂಡಕ್ಕೂ ಆಗಸ್ಟ್‌ನಲ್ಲಿ ಎದುರಿಸಿದ ತಂಡಕ್ಕೂ ಒಂದೇ ಕಾರ್ಲ್ಟನ್ ಸಿಗಲಿಲ್ಲ. ಪರ್ತ್‌ನ ಎರಡು ತಂಡಗಳು ಪೂರ್ವ ಕರಾವಳಿಗೆ ಹೋಗುವ ಪ್ರತಿ ಸಲವೂ ನಾಲ್ಕು ಗಂಟೆಯ ಆಸುಪಾಸಿನ ವಿಮಾನ ಪ್ರಯಾಣ ಮಾಡಬೇಕು, ಮೆಲ್ಬರ್ನ್ ಕ್ಲಬ್‌ಗಳು ಎಷ್ಟೋ ವಾರ ಊರು ಬಿಟ್ಟು ಕದಲುವುದೇ ಇಲ್ಲ.

ಆ 23ನೇ ಪಂದ್ಯ ಬಂದದ್ದು ಹೊಸದಾಗಿ ಶುರುವಾದ ಗ್ಯಾದರ್ ರೌಂಡ್‌ನಿಂದ. ಏಪ್ರಿಲ್ 13ರಿಂದ 16ರವರೆಗೆ 18 ತಂಡವೂ ದಕ್ಷಿಣ ಆಸ್ಟ್ರೇಲಿಯಾಕ್ಕೆ ಬಂದು ಅಡಿಲೇಡ್ ಓವಲ್, ನಾರ್ವುಡ್, ಮೌಂಟ್ ಬಾರ್ಕರ್ ಮೈದಾನಗಳಲ್ಲಿ ಒಂಬತ್ತೂ ಪಂದ್ಯ ಆಡಿದವು. ನಾಲ್ಕು ದಿನದಲ್ಲಿ ಇಡೀ ಲೀಗನ್ನು ಒಂದೇ ಊರಲ್ಲಿ ನೋಡಬಹುದು ಎಂದರೆ ದೂರದಿಂದ ಬರುವವರಿಗೆ ಇದಕ್ಕಿಂತ ಒಳ್ಳೆಯ ಏರ್ಪಾಡು ಇಲ್ಲ. ಪ್ರವಾಸ ಕಟ್ಟುವವರು ಈ ವಾರಕ್ಕೇ ಕಟ್ಟಲಿ.

ಲ್ಯಾಡರ್‌ನಲ್ಲಿ ಒಂದು ಗೆಲುವಿಗೆ 4, ಡ್ರಾಗೆ 2 ಪಾಯಿಂಟ್. ಸಮ ಬಂದರೆ ಪರ್ಸೆಂಟೇಜ್: ಹೊಡೆದ ಒಟ್ಟು ಪಾಯಿಂಟನ್ನು ಕೊಟ್ಟ ಪಾಯಿಂಟಿನಿಂದ ಭಾಗಿಸಿ 100ರಿಂದ ಗುಣಿಸಬೇಕು. ಇಲ್ಲೂ ಬಿಹೈಂಡ್‌ಗೆ ಬೆಲೆ ಇದೆ. ಬ್ರಿಸ್ಬೇನ್ ಮತ್ತು ಪೋರ್ಟ್ ಅಡಿಲೇಡ್ ಎರಡೂ 17 ಗೆದ್ದು 68ರಲ್ಲಿ ನಿಂತಿದ್ದವು. ಪರ್ಸೆಂಟೇಜ್ ಬ್ರಿಸ್ಬೇನನ್ನು ಎರಡನೇ ಸ್ಥಾನಕ್ಕೆ ಏರಿಸಿತು, ಅದರಿಂದ ಮೊದಲ ಫೈನಲ್ ತವರು ಮೈದಾನ ಗ್ಯಾಬಾದಲ್ಲಿ ಸಿಕ್ಕಿತು. ಆ ವರ್ಷ ಗ್ಯಾಬಾದಲ್ಲಿ ಅವರು ಸೋತದ್ದೇ ಇಲ್ಲ. ಪೋರ್ಟ್‌ ಅನ್ನು ಅಲ್ಲಿ 123ಕ್ಕೆ 75ರಿಂದ ಮಣಿಸಿದರು.

ಎಲ್ಲ ಪಂದ್ಯವೂ ಬಿಗಿಯಾಗಿತ್ತು ಎಂದುಕೊಳ್ಳಬೇಡಿ. ಸಿಡ್ನಿ 31.19 (205), ವೆಸ್ಟ್ ಕೋಸ್ಟ್ 5.4 (34). ಅಂತರ 171. ವೆಸ್ಟ್ ಕೋಸ್ಟ್ ಮತ್ತು ನಾರ್ತ್ ಮೆಲ್ಬರ್ನ್ ತಲಾ 3 ಮಾತ್ರ ಗೆದ್ದವು. ಈ ಎರಡು ತಂಡಗಳ ಪಂದ್ಯಗಳನ್ನು ಬಿಟ್ಟು ಮುಂದೆ ಹೋದರೆ ನಷ್ಟವಿಲ್ಲ, ನಾರ್ತ್‌ನ ಹ್ಯಾರಿ ಶೀಜಲ್‌ನ ಹೊರತು. ಆ ಹುಡುಗ ಮೊದಲ ಸೀಸನ್‌ನಲ್ಲೇ ಅತ್ಯುತ್ತಮ ಯುವ ಆಟಗಾರನಿಗೆ ಕೊಡುವ ರೈಸಿಂಗ್ ಸ್ಟಾರ್ ಪ್ರಶಸ್ತಿ ಗೆದ್ದ.

ಕರ್ನಾಟಕದಿಂದ ನೋಡುವವರಿಗೆ ಈ ಲೀಗ್‌ನ ಸಮಯ ತುಂಬಾ ಅನುಕೂಲ. ಏಪ್ರಿಲ್ ಮೊದಲ ಭಾನುವಾರದಿಂದ ಮೆಲ್ಬರ್ನ್ ನಮಗಿಂತ ನಾಲ್ಕೂವರೆ ಗಂಟೆ ಮುಂದೆ, ಅದಕ್ಕೂ ಮೊದಲು ಐದೂವರೆ. ಪರ್ತ್ ಯಾವಾಗಲೂ ಎರಡೂವರೆ ಗಂಟೆ ಮುಂದೆ. ಫೈನಲ್ ಅಲ್ಲಿ ಮಧ್ಯಾಹ್ನ 2.30ಕ್ಕೆ ಶುರುವಾದಾಗ ಇಲ್ಲಿ ಬೆಳಗ್ಗೆ 10. ಶುಕ್ರವಾರ ರಾತ್ರಿಯ ಪಂದ್ಯ ನಮಗೆ ಮಧ್ಯಾಹ್ನ ಮೂರು ದಾಟಿದ ಮೇಲೆ. ಶನಿವಾರ ಬೆಳಗ್ಗೆ ತಿಂಡಿ ಮುಗಿಸಿ ಕೂತರೆ ಊಟದ ಹೊತ್ತಿಗೆ ಒಂದು ಪಂದ್ಯ ಮುಗಿದಿರುತ್ತದೆ. ಕ್ವಾರ್ಟರ್‌ಗೆ 20 ನಿಮಿಷ ಎಂದು ಬರೆದಿದ್ದರೂ ಚೆಂಡು ಹೊರಹೋದಾಗ, ಗೋಲ್ ಆದಾಗ ಗಡಿಯಾರ ನಿಲ್ಲುವುದರಿಂದ ಒಂದೊಂದು ಕ್ವಾರ್ಟರ್ ಅರ್ಧ ಗಂಟೆಗೆ ಹತ್ತಿರ ಹೋಗುತ್ತದೆ. ಎರಡು ಆರು ನಿಮಿಷದ ವಿರಾಮ, ನಡುವೆ ಒಂದು 20 ನಿಮಿಷದ್ದು. ಎರಡೂವರೆ ಗಂಟೆ ಮೀಸಲಿಡಿ.

ಮೆಲ್ಬರ್ನ್‌ನಲ್ಲಿರುವ ಕನ್ನಡಿಗರಿಗೆ ಒಂದೇ ಸಲಹೆ: ಮೊದಲ ಸಲ ಹೋಗುವಾಗ ಮೈದಾನದ ಅಂಚಿನ ಸೀಟಿಗೆ ಆಸೆಪಡಬೇಡಿ. ಚೆಂಡು ಆಚೆ ಬದಿಗೆ ಹೋದರೆ 140 ಮೀಟರ್ ದೂರ, ಏನೂ ಕಾಣುವುದಿಲ್ಲ. ಮೇಲಿನ ಹಂತದಲ್ಲಿ, ಉದ್ದ ಬದಿಯ ನಡುವೆ ಕೂತರೆ ಒಬ್ಬ ಚೆಂಡು ಹಿಡಿದಾಗ ಉಳಿದ ಹದಿನೇಳು ಜನ ಎಲ್ಲಿಗೆ ಸರಿಯುತ್ತಾರೆ ಎಂಬುದು ಕಣ್ಣಿಗೆ ಬೀಳುತ್ತದೆ. ಎರಡನೇ ಸಲ ಪಂಟ್ ರೋಡ್ ಎಂಡ್‌ನಲ್ಲಿ ಕಂಬದ ಹಿಂದೆ ಕೂತು ಡ್ರಾಪ್ ಪಂಟ್ ತಿರುಗುತ್ತಾ ಎದುರಿಗೆ ಬರುವುದನ್ನು ನೋಡಿ. ಎಂಸಿಜಿಗೆ ರೈಲಿನಲ್ಲಿ ಬರುವವರು ರಿಚ್ಮಂಡ್ ಅಥವಾ ಜಾಲಿಮಾಂಟ್‌ನಲ್ಲಿ ಇಳಿಯಬೇಕು. ಗ್ರ್ಯಾಂಡ್ ಫೈನಲ್ ಟಿಕೆಟ್ ಬೇಕೆಂದರೆ ಕ್ಲಬ್ ಮೆಂಬರ್‌ಶಿಪ್ ಇಲ್ಲದೆ ಸಿಗುವ ಸಾಧ್ಯತೆ ತೀರಾ ಕಡಿಮೆ.

ವೈಯಕ್ತಿಕ ಪ್ರಶಸ್ತಿಗಳಲ್ಲಿ, ಅಂಪೈರ್‌ಗಳ ಮತದಿಂದ ಸೀಸನ್‌ನ ಅತ್ಯುತ್ತಮ ಆಟಗಾರನಿಗೆ ಕೊಡುವ ಬ್ರೌನ್‌ಲೋ ಪದಕ ಬ್ರಿಸ್ಬೇನ್‌ನ ಲಾಕಿ ನೀಲ್‌ಗೆ, 31 ಮತ. ಅತಿ ಹೆಚ್ಚು ಗೋಲಿನ ಕೋಲ್‌ಮನ್ ಪದಕ ಕಾರ್ಲ್ಟನ್‌ನ ಚಾರ್ಲಿ ಕರ್ನೋಗೆ. ಫೈನಲ್‌ನ ಅತ್ಯುತ್ತಮ ಆಟಗಾರನಿಗೆ ಕೊಡುವ ನಾರ್ಮ್ ಸ್ಮಿತ್ ಪದಕ ಕಾಲಿಂಗ್‌ವುಡ್‌ನ ಬಾಬಿ ಹಿಲ್‌ಗೆ, ನಾಲ್ಕು ಗೋಲ್.

ಹಳೆಯ ಪಂದ್ಯ ಹುಡುಕಿ ನೋಡುವುದಾದರೆ ಮೊದಲು ಕಾರ್ಲ್ಟನ್–ಮೆಲ್ಬರ್ನ್ ಸೆಮಿಫೈನಲ್, ಆಮೇಲೆ ಒಂದು ಪಾಯಿಂಟಿನ ಪ್ರಿಲಿಮಿನರಿ, ಕೊನೆಗೆ ಫೈನಲ್. ಹೈಲೈಟ್ಸ್ ಬೇಡ, ಅದರಲ್ಲಿ ಗೋಲ್ ಮಾತ್ರ ಇರುತ್ತದೆ. ಫೈನಲ್‌ನ ಕೊನೆಯ ಕ್ವಾರ್ಟರ್‌ನಲ್ಲಿ ಕಾಲಿಂಗ್‌ವುಡ್‌ನ ಡಿ ಗೋಯಿ ಮತ್ತು ಸೈಡ್‌ಬಾಟಮ್ ದೂರದಿಂದ ಹೊಡೆದ ಗೋಲ್‌ಗಳು, ಬ್ರಿಸ್ಬೇನ್‌ನ ಡ್ಯಾನಿಹರ್‌ನ ಮರುಗೋಲ್ ಯಾರಿಗೂ ತಪ್ಪುವುದಿಲ್ಲ. ಆದರೆ ಡ್ಯಾನಿಹರ್ ಗೋಲ್ ಆದಾಗ ಅಂತರ ಇನ್ನೂ 4 ಉಳಿದಿತ್ತಲ್ಲ, ಆ 4 ಎಲ್ಲಿಂದ ಬಂತು ಎಂದು ಹಿಂದಕ್ಕೆ ಹೋಗಿ ಹದಿನೆಂಟು ಬಿಹೈಂಡ್‌ಗಳನ್ನು ಒಂದೊಂದಾಗಿ ನೋಡಿ.