ಮೂಳೆ ಕಟ್ಟುವ ಇಂಜೆಕ್ಷನ್ ಮುಗಿದ ಮೇಲೆ ನಾವು ಮಾಡಿದ ತಪ್ಪು

ಅಮ್ಮನ ಬೆನ್ನುಮೂಳೆ ಎರಡನೇ ಸಲ ಮುರಿದಾಗ ಅವಳು ಬಿದ್ದಿರಲೇ ಇಲ್ಲ. ಬಚ್ಚಲಲ್ಲಿ ಅರ್ಧ ಬಕೆಟ್ ನೀರು ಎತ್ತಲು ಬಗ್ಗಿದಳು, ಅಷ್ಟೇ. ನಾನು ಓಡಿ ಹೋಗುವಷ್ಟರಲ್ಲಿ ಬಾಗಿಲು ಹಿಡಿದು ನಿಂತಿದ್ದಳು, ಬಾಯಿಂದ ಮಾತೇ ಹೊರಡುತ್ತಿರಲಿಲ್ಲ.

ಮೊದಲ ಸಲ ಮುರಿದಾಗ ಡಾಕ್ಟರು ಟೆರಿಪ್ಯಾರಟೈಡ್ ಅನ್ನುವ ಇಂಜೆಕ್ಷನ್ ಬರೆದುಕೊಟ್ಟಿದ್ದರು. ಆಸ್ಟಿಯೋಪೊರೋಸಿಸ್‌ಗೆ, ಅಂದರೆ ಮೂಳೆ ಸವೆದು ಟೊಳ್ಳಾಗುವ ಕಾಯಿಲೆಗೆ, ಕೊಡುವ ಹೆಚ್ಚಿನ ಔಷಧಿಗಳು ಮೂಳೆ ಕರಗದಂತೆ ತಡೆಯುತ್ತವೆ. ಇದು ಹಾಗಲ್ಲ, ಹೊಸ ಮೂಳೆಯನ್ನೇ ಕಟ್ಟಿಸುತ್ತದೆ. ದಿನಾ 20 ಮೈಕ್ರೋಗ್ರಾಂ, ಹೊಟ್ಟೆಗೋ ತೊಡೆಗೋ ಚುಚ್ಚಬೇಕು. ಔಷಧಿ ತುಂಬಿದ ಪೆನ್ನಿನಂಥ ಸಿರಿಂಜು ಅದು, ಒಂದು ಪೆನ್ನು 28 ದಿನಕ್ಕೆ. ಫ್ರಿಜ್ಜಿನಲ್ಲಿ ದೋಸೆ ಹಿಟ್ಟಿನ ಪಕ್ಕ ಅದಕ್ಕೊಂದು ಜಾಗ ಮಾಡಿದ್ದೆವು. ಹೆಪ್ಪುಗಟ್ಟಿದರೆ ಎಸೆಯಬೇಕು, ಹಾಗಾಗಿ ಫ್ರೀಜರ್ ಹತ್ತಿರ ಇಡುವಂತಿಲ್ಲ. ಶುರುವಿನಲ್ಲಿ ಚುಚ್ಚಿಸಿಕೊಂಡು ಎದ್ದರೆ ತಲೆ ಸುತ್ತುತ್ತಿತ್ತು. ಆಮೇಲೆ ಮಲಗುವ ಹೊತ್ತಿಗೆ ಕೊಡತೊಡಗಿದೆವು. ಖರ್ಚಿನ ಮಾತು ಬಿಡಿ.

24 ತಿಂಗಳು ಒಂದು ದಿನವೂ ತಪ್ಪಿಸಲಿಲ್ಲ. ಸ್ಕ್ಯಾನಿನಲ್ಲಿ ಮೂಳೆಯ ಸಾಂದ್ರತೆ ತೋರಿಸುವ ಟಿ ಸ್ಕೋರ್ (ಮೈನಸ್ ಹೆಚ್ಚಿದಷ್ಟೂ ಮೂಳೆ ದುರ್ಬಲ) ಮೈನಸ್ 3.6 ಇದ್ದದ್ದು ಮೈನಸ್ 2.9ಕ್ಕೆ ಬಂತು. "ಕೋರ್ಸ್ ಮುಗೀತು, ಕ್ಯಾಲ್ಸಿಯಂ ಮಾತ್ರೆ ಮುಂದುವರಿಸಿ" ಅಂದರು ಡಾಕ್ಟರು. ಅಮ್ಮ ಅವತ್ತು ಶಾವಿಗೆ ಪಾಯಸ ಮಾಡಿದಳು. ಮುಂದೇನು ಅಂತ ನಾವೂ ಕೇಳಲಿಲ್ಲ.

ಕೇಳಬೇಕಿತ್ತು. ಈ ಇಂಜೆಕ್ಷನ್ ಕಟ್ಟಿದ ಮೂಳೆ ತಾನಾಗಿ ಉಳಿಯುವುದಿಲ್ಲ. ನಿಲ್ಲಿಸಿದ ಕೂಡಲೇ ಅದನ್ನು ಹಿಡಿದಿಡುವ ಇನ್ನೊಂದು ಔಷಧಿ ಶುರುವಾಗಬೇಕು. ವಾರಕ್ಕೊಂದು ಅಲೆಂಡ್ರೋನೇಟ್ ಮಾತ್ರೆಯೋ, ವರ್ಷಕ್ಕೊಮ್ಮೆ ಜೋಲೆಡ್ರೋನಿಕ್ ಆಸಿಡ್ ಡ್ರಿಪ್ಪೋ, ಆರು ತಿಂಗಳಿಗೊಮ್ಮೆ ಡೆನೋಸುಮ್ಯಾಬ್ ಇಂಜೆಕ್ಷನ್ನೋ, ಅದು ಡಾಕ್ಟರಿಗೆ ಬಿಟ್ಟಿದ್ದು. ಬರೀ ಕ್ಯಾಲ್ಸಿಯಂ ಸಾಲದು. ನಾವು ಹದಿನಾಲ್ಕು ತಿಂಗಳು ಅದನ್ನೇ ನಂಬಿ ಕೂತಿದ್ದೆವು. ಬಕೆಟ್ ಎತ್ತಿದ ಮೇಲಿನ ಸ್ಕ್ಯಾನಿನಲ್ಲಿ ಮೈನಸ್ 3.4. ಹೊಸ ಡಾಕ್ಟರು ಫೈಲ್ ತಿರುವಿ, "ಇದಾದ ಮೇಲೆ ಏನು ಕೊಟ್ರು?" ಅಂದರು. ನಾನು ಅಮ್ಮನ ಮುಖ ನೋಡಿದೆ, ಅಮ್ಮ ನನ್ನ ಮುಖ.

ನಿಮ್ಮ ಮನೆಯಲ್ಲಿ ಯಾರಾದರೂ ಇದನ್ನು ತೆಗೆದುಕೊಳ್ಳುತ್ತಿದ್ದರೆ ಕೊನೆಯ ಪೆನ್ನು ತೆರೆಯುವಾಗಲೇ ಡಾಕ್ಟರನ್ನು ಕಂಡು, ಮುಂದಿನ ಔಷಧಿ ಯಾವುದು, ಯಾವತ್ತಿನಿಂದ ಅಂತ ಚೀಟಿಯಲ್ಲಿ ಬರೆಸಿಕೊಳ್ಳಿ. ತಿಂಗಳಿಗೊಮ್ಮೆ ಒಂದು ವರ್ಷ ಕೊಡುವ, ಮೂಳೆ ಕಟ್ಟುವ ಇನ್ನೊಂದು ಇಂಜೆಕ್ಷನ್ ರೊಮೊಸೊಜುಮ್ಯಾಬ್‌ಗೂ ಇದೇ ಮಾತು. ಡೆನೋಸುಮ್ಯಾಬ್ ಶುರು ಮಾಡಿದರಂತೂ ತಾರೀಕು ತಪ್ಪಿಸಲೇಬೇಡಿ. ಅದನ್ನು ಅರ್ಧಕ್ಕೆ ಬಿಟ್ಟು ಬೆನ್ನಿನ ಮೂರ್ನಾಲ್ಕು ಮೂಳೆ ಒಟ್ಟಿಗೆ ಮುರಿದುಕೊಂಡವರಿದ್ದಾರೆ.

ಕಿಡ್ನಿ, ವಿಟಮಿನ್ ಡಿ ಟೆಸ್ಟ್ ಮಾಡಿಸಿ ಕಳೆದ ವಾರ ಅಮ್ಮನಿಗೆ ಡ್ರಿಪ್ ಹಾಕಿಸಿದೆವು. ಎರಡು ದಿನ ಜ್ವರ, ಮೈಕೈ ನೋವು. ಬಚ್ಚಲಲ್ಲಿ ಈಗ ಬಕೆಟ್ಟನ್ನು ಎತ್ತರದ ಸ್ಟೂಲಿನ ಮೇಲೆ ಇಟ್ಟಿದ್ದೇನೆ.